ಸಂದರ್ಶಕರ ಪುಸ್ತಕಕ್ಕೆ ಸುರಿಯುವ ಸ್ಪ್ಯಾಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಜಾಲತಾಣದ ಸಂದರ್ಶಕರ ಪುಸ್ತಕ, ವಿಚಾರಣೆ ಫಾರ್ಮ್, ನೋಂದಣಿ ಫಾರ್ಮ್‌ಗಳಿಗೆ ಬಂದು ಬೀಳುವ ಕಸದ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸ್ವಂತವಾಗಿ ಪಿಎಚ್‌ಪಿ ಬರೆದುಕೊಂಡವರು, ವರ್ಡ್‌ಪ್ರೆಸ್ ಬಳಸುವವರು, ಬೇರೆಯವರಿಂದ ಸೈಟ್ ಮಾಡಿಸಿಕೊಂಡವರು ಎಲ್ಲರೂ ಕೇಳಿದ್ದಾರೆ. ತಾಂತ್ರಿಕ ವಿವರ ಜಾಸ್ತಿ ಎನಿಸಿದರೆ ಆ ಉತ್ತರವನ್ನು ನಿಮ್ಮ ಸೈಟ್ ನೋಡಿಕೊಳ್ಳುವವರಿಗೆ ತೋರಿಸಿ.

ಪ್ರಶ್ನೆ: ನಮ್ಮ ಕೂಟದ ಸೈಟಿನಲ್ಲಿ ಸಂದರ್ಶಕರ ಪುಸ್ತಕವಿದೆ. ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಬಂದವರು ನಾಲ್ಕು ಸಾಲು ಬರೆದು ಹೋಗುತ್ತಿದ್ದರು. ಈಗ ತೆರೆದರೆ ಬರೀ ಮಾತ್ರೆ, ಜೂಜು, ಸಾಲದ ಜಾಹೀರಾತು. ಇಷ್ಟು ಸಣ್ಣ ಸೈಟಿಗೆ ಬರೆದು ಯಾರಿಗೇನು ಲಾಭ? ಎಲ್ಲಿಂದ ಶುರು ಮಾಡಲಿ?
(ಕನ್ನಡ ಕೂಟವೊಂದರ ಸ್ವಯಂಸೇವಕಿ, ನ್ಯೂಜೆರ್ಸಿ)

ಉತ್ತರ: ಲಾಭವೆಲ್ಲ ಆ ಜಾಹೀರಾತಿನ ಕೊಂಡಿಯಲ್ಲಿದೆ. ಬೇರೆ ಬೇರೆ ಸೈಟುಗಳಿಂದ ಕೊಂಡಿ ಪಡೆದ ಪುಟಕ್ಕೆ ಗೂಗಲ್ ಹುಡುಕಾಟದಲ್ಲಿ ತೂಕ ಹೆಚ್ಚು. ಆ ತೂಕವನ್ನು ಕದಿಯಲು ಸ್ಪ್ಯಾಮ್ ಹಾಕುವವರಿಗೆ ಬರೆಯಲು ಬಿಡುವ ಯಾವ ಪುಟವಾದರೂ ಆಗುತ್ತದೆ. ಓದುಗರು ನೂರೇ ಇರಲಿ, ಲಕ್ಷವೇ ಇರಲಿ, ಅವರಿಗೆ ವ್ಯತ್ಯಾಸವಿಲ್ಲ. ಇದನ್ನು ತಡೆಯಲೆಂದೇ 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಸೇರಿಕೊಂಡು ಕೊಂಡಿಗೆ ‘ನೋಫಾಲೋ’, ಅಂದರೆ ಇದಕ್ಕೆ ತೂಕ ಕೊಡಬೇಡಿ, ಎಂಬ ಗುರುತು ಹಾಕುವ ಪದ್ಧತಿ ತಂದವು. 2019ರಲ್ಲಿ ಗೂಗಲ್, ಓದುಗರು ಬರೆದ ಕೊಂಡಿಗಳಿಗೆಂದೇ ‘ಯುಜಿಸಿ’ ಎಂಬ ಇನ್ನೊಂದು ಗುರುತು ಸೇರಿಸಿತು. ಎರಡನ್ನೂ ಹಾಕಿ, ತಪ್ಪೇನಿಲ್ಲ. ಆದರೆ ಅದರಿಂದ ಸ್ಪ್ಯಾಮ್ ನಿಲ್ಲುವುದಿಲ್ಲ. ಒಂದು ಪುಟಕ್ಕೆ ಬರೆಯಲು ಬಾಟ್‌ಗೆ (ತಾನಾಗಿ ಸ್ಪ್ಯಾಮ್ ಬರೆಯುವ ಪ್ರೋಗ್ರಾಮಿಗೆ) ಹೆಚ್ಚುಕಡಿಮೆ ಖರ್ಚೇ ಇಲ್ಲದಿರುವಾಗ ಗುರುತು ಇದೆಯೋ ಇಲ್ಲವೋ ಎಂದು ನೋಡುವ ಗೋಜಿಗೆ ಅದು ಹೋಗುವುದಿಲ್ಲ.

ಇನ್ನೊಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸಾಧಾರಣ ಬಾಟ್ ನಿಮ್ಮ ಪುಟವನ್ನು ಬ್ರೌಸರಿನಲ್ಲಿ ತೆರೆದು, ತುಂಬಿ, ಗುಂಡಿ ಒತ್ತುವುದಿಲ್ಲ. ಫಾರ್ಮ್ ಯಾವ ವಿಳಾಸಕ್ಕೆ ಹೋಗುತ್ತದೆ, ಖಾನೆಗಳ ಹೆಸರೇನು ಎಂದು ಒಮ್ಮೆ ತಿಳಿದುಕೊಂಡು, ಆಮೇಲೆ ನೇರವಾಗಿ ಸರ್ವರಿಗೇ ಪೋಸ್ಟ್ ಮಾಡುತ್ತಿರುತ್ತದೆ. ಹಾಗಾಗಿ ‘ಇಮೇಲ್ ಸರಿಯಿಲ್ಲ’, ‘ಕೊಂಡಿ ಹಾಕಬೇಡಿ’ ಎಂದು ಪರದೆಯ ಮೇಲೆ ಎಚ್ಚರಿಸುವ ಜಾವಾಸ್ಕ್ರಿಪ್ಟ್ ಅದರ ಕಣ್ಣಿಗೇ ಬೀಳುವುದಿಲ್ಲ. ಎಲ್ಲ ತಪಾಸಣೆಯೂ ಸರ್ವರಿನಲ್ಲಿ ಮತ್ತೊಮ್ಮೆ ಆಗಲೇಬೇಕು. ನಮಗೆ ಬರುವ ಪತ್ರಗಳಲ್ಲಿ ‘ಏನು ಮಾಡಿದರೂ ನಿಲ್ಲುತ್ತಿಲ್ಲ’ ಎನ್ನುವವರ ಸೈಟಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುವುದು ಇದೇ.

ಇವತ್ತೇ ಮಾಡಬಹುದಾದದ್ದು: ಬಂದ ಬರಹ ನೇರವಾಗಿ ಪ್ರಕಟವಾಗದಂತೆ ಮಾಡಿ. ಡೇಟಾಬೇಸಿನ ಕೋಷ್ಟಕಕ್ಕೆ ‘ಸ್ಥಿತಿ’ ಎಂಬ ಕಾಲಂ ಸೇರಿಸಿ. ಹೊಸದಾಗಿ ಬಂದದ್ದಕ್ಕೆ 0, ನೀವು ಒಪ್ಪಿದ್ದಕ್ಕೆ 1, ಸ್ಪ್ಯಾಮ್‌ಗೆ 2. ಪುಟದಲ್ಲಿ 1 ಇರುವುದು ಮಾತ್ರ ಕಾಣಲಿ. ಇಷ್ಟಾದರೆ ಓದುಗರಿಗೂ ಗೂಗಲ್‌ಗೂ ಕಸ ಕಾಣುವುದು ಅಲ್ಲಿಗೇ ನಿಲ್ಲುತ್ತದೆ, ಉಳಿದದ್ದನ್ನು ನಿಧಾನವಾಗಿ ಮಾಡಬಹುದು. ಬರೆದವರಿಗೆ ‘ನಿಮ್ಮ ಬರಹ ತಲುಪಿದೆ, ನೋಡಿ ಪ್ರಕಟಿಸುತ್ತೇವೆ’ ಎಂದು ತೋರಿಸಿ. ಇಲ್ಲದಿದ್ದರೆ ಕಾಣಲಿಲ್ಲವೆಂದು ಪಾಪ ಅವರೇ ಮೂರು ಸಲ ಕಳಿಸುತ್ತಾರೆ.

ಜೊತೆಗೆ ಬರಹದಲ್ಲಿರುವ ವಿಳಾಸಗಳನ್ನು ಒತ್ತಬಹುದಾದ ಕೊಂಡಿಯಾಗಿ ಬದಲಿಸುವ ಸೌಲಭ್ಯವನ್ನು ತೆಗೆದುಹಾಕಿ, ‘ನಿಮ್ಮ ವೆಬ್‌ಸೈಟ್’ ಎಂಬ ಖಾನೆಯನ್ನೂ ತೆಗೆಯಿರಿ. ಬರಹವನ್ನು ಪುಟಕ್ಕೆ ಹಾಕುವಾಗ ಎಚ್‌ಟಿಎಂಎಲ್ ಚಿಹ್ನೆಗಳನ್ನು ನಿಷ್ಕ್ರಿಯಗೊಳಿಸಿ. ಪಿಎಚ್‌ಪಿಯಲ್ಲಿ ಅದಕ್ಕೆ ‘ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್’ ಎಂಬ ಫಂಕ್ಷನ್ ಇದೆ. ಅದನ್ನು ಮಾಡದಿದ್ದರೆ ಜಾಹೀರಾತಿನ ಬದಲು ಸ್ಕ್ರಿಪ್ಟನ್ನೇ ಬರೆದುಹೋಗಬಹುದು, ಆಗ ಅದು ನಿಮ್ಮ ಪುಟ ತೆರೆದ ಪ್ರತಿಯೊಬ್ಬರ ಬ್ರೌಸರಿನಲ್ಲೂ ಓಡುತ್ತದೆ. ಸ್ಪ್ಯಾಮ್‌ಗಿಂತ ದೊಡ್ಡ ಅಪಾಯ ಇದು.

ಕೊನೆಗೆ ಫಾರ್ಮ್ ಹೋಗುವ ಫೈಲಿನ ಹೆಸರನ್ನೂ ಖಾನೆಗಳ ಹೆಸರನ್ನೂ ಒಮ್ಮೆ ಬದಲಿಸಿ. ಹಳೆಯ ಹೆಸರನ್ನು ಪಟ್ಟಿಯಲ್ಲಿಟ್ಟುಕೊಂಡ ಬಾಟ್‌ಗಳು ಸ್ವಲ್ಪ ಕಾಲವಾದರೂ ಇಲ್ಲದ ಬಾಗಿಲನ್ನೇ ತಟ್ಟುತ್ತಿರುತ್ತವೆ. ಆ ಬಿಡುವಿನಲ್ಲಿ ಮುಂದಿನ ಉತ್ತರದಲ್ಲಿರುವ ಎರಡು ತಡೆಗಳನ್ನು ಹಾಕಿ.

ಪ್ರಶ್ನೆ: ಬಾಟ್ ಹಿಡಿಯಲು ಮರೆಮಾಡಿದ ಖಾನೆ ಇಟ್ಟೆ, ಬೇಗ ಕಳಿಸಿದರೆ ತಿರಸ್ಕರಿಸುವಂತೆಯೂ ಮಾಡಿದೆ. ಸ್ಪ್ಯಾಮ್ ಕಡಿಮೆಯಾಯಿತು, ಆದರೆ ನಿಜವಾದ ಗ್ರಾಹಕರ ಸಂದೇಶವೂ ಬರುತ್ತಿಲ್ಲವೆಂದು ದೂರು. ಎಲ್ಲಿ ತಪ್ಪಿದೆ?
(ವೆಬ್ ಡೆವಲಪರ್, ದಾವಣಗೆರೆ)

ಉತ್ತರ: ಎರಡೂ ಒಳ್ಳೆಯ ತಡೆಗಳೇ. ಓದುಗರಿಗೆ ಒಂದಿಷ್ಟೂ ತೊಂದರೆ ಕೊಡದೆ ಕೆಲಸ ಮಾಡುವುದರಿಂದ ನಾವು ಮೊದಲು ಹೇಳುವುದು ಇವನ್ನೇ. ಇವು ಕೆಡುವುದು ಸಣ್ಣಪುಟ್ಟ ವಿವರದಲ್ಲಿ.

ಮರೆಮಾಡಿದ ಖಾನೆ, ಅಂದರೆ ಹನಿಪಾಟ್, ಕೆಲಸ ಮಾಡುವುದು ಹೀಗೆ: ಮನುಷ್ಯರಿಗೆ ಕಾಣದ ಖಾನೆಯನ್ನು ಬಾಟ್ ತುಂಬುತ್ತದೆ, ತುಂಬಿ ಬಂದದ್ದು ಸ್ಪ್ಯಾಮ್. ಆದರೆ ಆ ಖಾನೆಗೆ ನೀವು ‘ಫೋನ್2’, ‘ಕಂಪನಿ’, ‘ಅಡ್ರೆಸ್’ ಎಂಬಂಥ ಹೆಸರು ಕೊಟ್ಟಿದ್ದರೆ ಬ್ರೌಸರಿನ ಆಟೋಫಿಲ್ ಅದನ್ನೂ ತುಂಬಿಬಿಡುತ್ತದೆ. ಹೆಸರು ಒತ್ತಿದ ಕೂಡಲೇ ಕ್ರೋಮ್ ಉಳಿದ ವಿವರಗಳನ್ನು ತಾನಾಗಿ ಹಾಕುತ್ತದಲ್ಲ, ಆಗ ಗ್ರಾಹಕರಿಗೆ ಗೊತ್ತೇ ಆಗದೆ ನಿಮ್ಮ ಬಲೆಯಲ್ಲಿ ಅವರೇ ಬೀಳುತ್ತಾರೆ. ಖಾನೆಯ ಹೆಸರು ‘ವೆಬ್‌ಸೈಟ್’ ಅಥವಾ ‘ಸಬ್ಜೆಕ್ಟ್2’ ಇರಲಿ. ಮೊದಲನೆಯದನ್ನು ಕಂಡರೆ ಕೊಂಡಿ ಹಾಕುವ ಬಾಟ್ ಬಿಡುವುದಿಲ್ಲ. ‘ಆಟೋಕಂಪ್ಲೀಟ್’ಗೆ ‘ಆಫ್’ ಎಂದು ಕೊಡಿ, ಆದರೆ ಎಲ್ಲ ಬ್ರೌಸರೂ ಅದನ್ನು ಪಾಲಿಸುತ್ತದೆ ಎಂದು ನಂಬಿ ಕೂರಬೇಡಿ. ‘ಟ್ಯಾಬ್‌ಇಂಡೆಕ್ಸ್’ಗೆ ಮೈನಸ್ 1 ಕೊಟ್ಟರೆ ಕೀಲಿಮಣೆಯಿಂದ ಸಾಗುವವರು ಅಲ್ಲಿ ನಿಲ್ಲುವುದಿಲ್ಲ, ‘ಏರಿಯಾ-ಹಿಡನ್’ ಕೊಟ್ಟರೆ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಅಷ್ಟಾಗಿಯೂ ಯಾರಿಗಾದರೂ ಕಂಡರೆ ಇರಲಿ ಎಂದು ‘ಇದನ್ನು ಖಾಲಿ ಬಿಡಿ’ ಎಂಬ ಲೇಬಲ್ ಸೇರಿಸಿ.

ಖಾನೆಯ ವಿಧವನ್ನೇ ‘ಹಿಡನ್’ ಎಂದು ಮಾಡಬೇಡಿ, ಬಾಟ್‌ಗಳು ಅಂಥದ್ದನ್ನು ಇದ್ದಂತೆಯೇ ಬಿಡುತ್ತವೆ. ಸಾಧಾರಣ ಪಠ್ಯದ ಖಾನೆಯಾಗಿಯೇ ಇಟ್ಟು, ಬೇರೆ ಸಿಎಸ್‌ಎಸ್ ಫೈಲಿನ ಮೂಲಕ ಪರದೆಯ ಆಚೆಗೆ ಸರಿಸಿ. ಅದೇ ಟ್ಯಾಗ್‌ನೊಳಗೆ ‘ಡಿಸ್‌ಪ್ಲೇ ನನ್’ ಎಂದು ಬರೆದರೆ ಸ್ವಲ್ಪ ಚುರುಕಾದ ಬಾಟ್ ಅದನ್ನು ಓದಿ ತಪ್ಪಿಸಿಕೊಳ್ಳುತ್ತದೆ.

ಸಮಯದ ತಡೆಗೆ ಬರೋಣ. ಫಾರ್ಮ್ ತೆರೆದ ಹೊತ್ತನ್ನು ಒಂದು ಖಾನೆಯಲ್ಲಿ ಕಳಿಸಿ, ವಾಪಸ್ ಬಂದಾಗ ವ್ಯತ್ಯಾಸ ನೋಡುತ್ತೀರಿ. ಸಂದೇಶ ಬರೆಯುವ ಫಾರ್ಮ್‌ಗೆ 3 ಸೆಕೆಂಡ್ ಕನಿಷ್ಠ ಮಿತಿ ಸಾಕು. 10 ಸೆಕೆಂಡ್ ಇಟ್ಟರೆ, ಮೊದಲೇ ಬರೆದಿಟ್ಟುಕೊಂಡದ್ದನ್ನು ಅಂಟಿಸುವವರು ಸಿಕ್ಕಿಬೀಳುತ್ತಾರೆ. ಗರಿಷ್ಠ ಮಿತಿ 24 ಗಂಟೆ ಇರಲಿ. ಒಂದು ಗಂಟೆ ಎಂದು ಮಾಡಿದರೆ ಮೊಬೈಲಿನಲ್ಲಿ ಪುಟ ತೆರೆದಿಟ್ಟು ಊಟ ಮುಗಿಸಿ ಬಂದವರ ಸಂದೇಶ ಹೋಗುತ್ತದೆ. ಆ ಹೊತ್ತನ್ನು ಬಾಟ್ ತಿದ್ದದಂತೆ ನಿಮ್ಮ ಗುಟ್ಟಿನ ಕೀಲಿಯಿಂದ ಎಚ್‌ಮ್ಯಾಕ್ ಸಹಿ ಮಾಡಿ ಕಳಿಸಿ. ಪಿಎಚ್‌ಪಿಯಲ್ಲಿ ‘ಹ್ಯಾಶ್ ಎಚ್‌ಮ್ಯಾಕ್’ ಫಂಕ್ಷನ್, ಎಸ್‌ಎಚ್‌ಎ-256. ಕೀಲಿಯಿರುವ ಫೈಲು ವೆಬ್ ಫೋಲ್ಡರಿನ ಹೊರಗಿರಲಿ. ಒಂದು ಸಹಿ ಒಂದೇ ಸಲ ನಡೆಯುವಂತೆ ಮಾಡಿದರೆ, ಒಂದನ್ನೇ ಹಿಡಿದು ಸಾವಿರ ಸಲ ಕಳಿಸುವ ಆಟವೂ ನಿಲ್ಲುತ್ತದೆ.

ನಿಮ್ಮ ದೂರಿನ ನಿಜವಾದ ಕಾರಣ ಬಹುಶಃ ಇಲ್ಲಿದೆ: ಸೈಟಿಗೆ ಪುಟ ಕ್ಯಾಶ್ ಹಾಕಿದ್ದೀರಾ? ಹಾಕಿದ್ದರೆ ನಿನ್ನೆ ಬೆಳಿಗ್ಗೆ ತಯಾರಾದ ಪುಟವೇ, ಅದೇ ಹೊತ್ತು, ಅದೇ ಸಹಿಯೊಂದಿಗೆ ಎಲ್ಲರಿಗೂ ಹೋಗುತ್ತಿರುತ್ತದೆ. ಗರಿಷ್ಠ ಮಿತಿ ದಾಟಿತೆಂದು ಎಲ್ಲರ ಸಂದೇಶವೂ ತಿರಸ್ಕೃತ. ಆ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ಆಗದಿದ್ದರೆ, ಓದುಗರು ಮೊದಲ ಖಾನೆಯನ್ನು ಮುಟ್ಟಿದಾಗ ಸಹಿಯನ್ನು ಬೇರೆಯಾಗಿ ತರಿಸಿಕೊಳ್ಳುವ ಸಣ್ಣ ಸ್ಕ್ರಿಪ್ಟ್ ಹಾಕಿ.

ಯಾವ ತಡೆಗೆ ಸಿಕ್ಕಿದ್ದನ್ನೂ ಸದ್ದಿಲ್ಲದೆ ಅಳಿಸಬೇಡಿ. ಸ್ಥಿತಿ 2 ಎಂದು ಉಳಿಸಿ, ಯಾವ ಕಾರಣಕ್ಕೆ ಸಿಕ್ಕಿತೆಂದು ಪಕ್ಕದಲ್ಲಿ ಬರೆದಿಡಿ, 30 ದಿನ ಇಟ್ಟು ಅಳಿಸಿ. ವಾರಕ್ಕೊಮ್ಮೆ ಅದನ್ನು ನೋಡಿದರೆ ಯಾವ ತಡೆ ತಪ್ಪು ಜನರನ್ನು ಹಿಡಿಯುತ್ತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಅವಧಿ ಮುಗಿದ ಫಾರ್ಮ್‌ಗೆ ಬರೆದದ್ದನ್ನು ಹಾಗೇ ಉಳಿಸಿ ‘ಮತ್ತೊಮ್ಮೆ ಒತ್ತಿ’ ಎಂದು ತೋರಿಸಿ. ಬರೆದದ್ದೆಲ್ಲ ಹೋಯಿತೆಂದರೆ ಯಾರೂ ಎರಡನೇ ಸಲ ಬರೆಯುವುದಿಲ್ಲ.

ಪ್ರಶ್ನೆ: ನಮ್ಮದು ಪೂರ್ತಿ ಕನ್ನಡದ ಸೈಟ್. ಕನ್ನಡ ಅಕ್ಷರ ಇಲ್ಲದ ಬರಹವನ್ನೆಲ್ಲ ತಿರಸ್ಕರಿಸು ಎಂದು ಒಂದು ಸಾಲು ಬರೆದರೆ ಸಾಕಲ್ಲವೇ?
(ಸಾಹಿತ್ಯ ಬಳಗವೊಂದರ ಕಾರ್ಯದರ್ಶಿ, ಶಿವಮೊಗ್ಗ)

ಉತ್ತರ: ನಮ್ಮ ಭಾಷೆ ನಮಗೆ ಕೊಟ್ಟ ಅನುಕೂಲ ಇದು, ಖಂಡಿತ ಬಳಸಿಕೊಳ್ಳಿ. ಆದರೆ ಸ್ಪ್ಯಾಮ್ ಎಂದು ತೀರ್ಮಾನಿಸಲು ಅದೊಂದನ್ನೇ ನೆಚ್ಚಬೇಡಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್ ತನಕ ಜಾಗವಿದೆ. ಪಿಎಚ್‌ಪಿಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಕನ್ನಡ’ ಎಂಬ ಲಿಪಿಯ ಹೆಸರನ್ನೇ ಕೊಟ್ಟು ಹುಡುಕಬಹುದು, ಯೂನಿಕೋಡ್ ಸೂಚಿಸುವ ‘ಯು’ ಅಕ್ಷರವನ್ನು ಕೊನೆಯಲ್ಲಿ ಸೇರಿಸಲು ಮರೆಯಬಾರದು ಅಷ್ಟೇ. ತೊಂದರೆ ಏನೆಂದರೆ, ಎಷ್ಟೋ ಕನ್ನಡಿಗರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ತುಂಬಾ ಚೆನ್ನಾಗಿದೆ’ ಎಂದು ಬರೆಯುತ್ತಾರೆ. ಹೊರದೇಶದಲ್ಲಿ ಬೆಳೆದ ಮಕ್ಕಳಂತೂ ಹಾಗೇ ಬರೆಯುವುದು. ಅವರನ್ನು ಹೊರಗೆ ಹಾಕಿದಂತಾಗುತ್ತದೆ.

ಅದರ ಬದಲು ಅಂಕ ಕೊಡಿ. ಕನ್ನಡ ಅಕ್ಷರ ಒಂದೂ ಇಲ್ಲದಿದ್ದರೆ 2, ಪ್ರತಿ ಕೊಂಡಿಗೆ 2, ಸಿರಿಲಿಕ್ ಅಥವಾ ಚೀನೀ ಲಿಪಿಯಿದ್ದರೆ 3, ಹೆಸರಿನ ಖಾನೆಯಲ್ಲೇ ವೆಬ್ ವಿಳಾಸವಿದ್ದರೆ 5, ಮರೆಮಾಡಿದ ಖಾನೆ ತುಂಬಿದ್ದರೆ 5. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಕಡೆಗೆ, 2ರಿಂದ 4 ಇದ್ದರೆ ನಿಮ್ಮ ಒಪ್ಪಿಗೆಗೆ ಕಾಯಲಿ. ಈ ಅಂಕಿಗಳು ಆರಂಭಕ್ಕೆ ಮಾತ್ರ, ನಿಮಗೆ ಬರುವ ಕಸ ನೋಡಿಕೊಂಡು ಬದಲಿಸಿಕೊಳ್ಳಿ.

ಇಂಗ್ಲಿಷ್‌ಗೆಂದು ತಯಾರಾದ ಸಿದ್ಧ ಫಿಲ್ಟರ್ ತಂದು ಹಾಕುವವರು ಮೂರು ವಿಷಯ ಗಮನಿಸಬೇಕು. ಕೆಲವು ಫಿಲ್ಟರ್ ‘ಕಣ್ಣಿಗೆ ಕಾಣದ ಅಕ್ಷರ’ಗಳನ್ನೆಲ್ಲ ಕಿತ್ತು ಹಾಕುತ್ತವೆ, ಅಥವಾ ಅವು ಇದ್ದರೆ ಸ್ಪ್ಯಾಮ್ ಎನ್ನುತ್ತವೆ. ಸ್ಪ್ಯಾಮ್ ಹಾಕುವವರು ಪದದ ನಡುವೆ ಅವನ್ನು ತುರುಕುವುದು ನಿಜ. ಆದರೆ ಕನ್ನಡಕ್ಕೆ ಅವು ಬೇಕೇ ಬೇಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ನಡುವೆ 200ಸಿ ಸಂಖ್ಯೆಯ ಕಾಣದ ಅಕ್ಷರ ಕೂತಿರುತ್ತದೆ. ಅದನ್ನು ತೆಗೆದರೆ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ನಲ್ಲಿ 200ಡಿ ಇರುತ್ತದೆ, ತೆಗೆದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬಂದು ಕೂರುತ್ತದೆ. ಇವೆರಡಕ್ಕೂ ಫಿಲ್ಟರಿನಲ್ಲಿ ವಿನಾಯಿತಿ ಕೊಡಿ.

ಎರಡನೆಯದು ಉದ್ದದ ಮಿತಿ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ನೋಡಲು ಒಂದು ಅಕ್ಷರ, ಒಳಗೆ 6 ಸಂಕೇತ, 18 ಬೈಟ್. ಪಿಎಚ್‌ಪಿಯ ‘ಎಸ್‌ಟಿಆರ್-ಲೆನ್’ ಬೈಟ್ ಎಣಿಸುತ್ತದೆ. 500ರ ಮಿತಿ ಹಾಕಿದರೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯಬಹುದು, ಕನ್ನಡದಲ್ಲಿ ಮೂರ್ನಾಲ್ಕು ಸಾಲಿಗೇ ‘ತೀರಾ ಉದ್ದ’ ಎಂದು ತಿರಸ್ಕೃತ. ‘ಎಂಬಿ-ಎಸ್‌ಟಿಆರ್-ಲೆನ್’ ಬಳಸಿ, ಮಿತಿಯನ್ನೂ ಧಾರಾಳವಾಗಿಡಿ.

ಮೂರನೆಯದು ಪ್ರಶ್ನೆ ಕೇಳುವ ತಡೆ. ‘ಮೂರಕ್ಕೆ ನಾಲ್ಕು ಸೇರಿಸಿದರೆ?’ ಎಂದು ಕೇಳಿದಿರಿ ಅನ್ನಿ, ಉತ್ತರ 7, ೭, ಏಳು ಯಾವುದಾದರೂ ಬರಬಹುದು, ಮೂರನ್ನೂ ಒಪ್ಪಿ. ‘ಚಿನ್ನದ ಗಣಿ ಇದ್ದ ಜಿಲ್ಲೆ?’ ಎಂದು ಕೇಳಿ ‘ಕೋಲಾರ’ ಎಂಬ ಉತ್ತರವನ್ನು ಹೋಲಿಸುವಾಗ ಇನ್ನೊಂದು ತೊಡಕಿದೆ. ‘ಕೋ’ದಲ್ಲಿರುವ ಓತ್ವ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಹೋಲಿಸುವ ಮೊದಲು ಎರಡೂ ಕಡೆ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತನ್ನಿ. ಪಿಎಚ್‌ಪಿಯ ‘ನಾರ್ಮಲೈಸರ್’ ಆ ಕೆಲಸ ಮಾಡುತ್ತದೆ. ಭಾಷಾ ಮಾದರಿ ಜೋಡಿಸಿಕೊಂಡ ಬಾಟ್ ಇಂಥ ಪ್ರಶ್ನೆಗೆ ಸಲೀಸಾಗಿ ಉತ್ತರಿಸುತ್ತದೆ ಎಂಬುದೂ ನೆನಪಿರಲಿ. ಕಂಡಕಂಡ ಫಾರ್ಮ್‌ಗೆಲ್ಲ ಸುರಿಯುವ ಅಗ್ಗದ ಬಾಟ್‌ಗಳನ್ನು ಮಾತ್ರ ಇದು ತಡೆಯುತ್ತದೆ.

ಪ್ರಶ್ನೆ: ಹೋಂಸ್ಟೇ ವಿಚಾರಣೆ ಫಾರ್ಮ್‌ನಿಂದ ನನ್ನ ಇಮೇಲಿಗೆ ಸಂದೇಶ ಬರುತ್ತದೆ. ಸ್ಪ್ಯಾಮ್ ನೇರ ಇನ್‌ಬಾಕ್ಸಿಗೆ, ನಿಜವಾದ ಬುಕಿಂಗ್ ಸ್ಪ್ಯಾಮ್ ಫೋಲ್ಡರಿಗೆ! ಮೊನ್ನೆ ಹೋಸ್ಟಿಂಗ್‌ನವರು ‘ನಿಮ್ಮ ಸೈಟಿನಿಂದಲೇ ಸ್ಪ್ಯಾಮ್ ಹೋಗುತ್ತಿದೆ’ ಎಂದು ಮೇಲ್ ಸೌಲಭ್ಯ ನಿಲ್ಲಿಸಿದ್ದಾರೆ.
(ಹೋಂಸ್ಟೇ ಮಾಲೀಕರು, ಮಡಿಕೇರಿ)

ಉತ್ತರ: ನಿಮ್ಮದು ಮೂರು ಬೇರೆ ಬೇರೆ ತೊಂದರೆ.

ಬುಕಿಂಗ್ ಸ್ಪ್ಯಾಮ್ ಫೋಲ್ಡರಿಗೆ ಹೋಗಲು ಕಾರಣ, ಫಾರ್ಮ್ ಕಳಿಸುವ ಮೇಲ್‌ನ ‘ಫ್ರಮ್’ನಲ್ಲಿ ಗ್ರಾಹಕರ ವಿಳಾಸ ಹಾಕಿರುವುದು. ಯಾಹೂ ವಿಳಾಸದ ಮೇಲ್ ನಿಮ್ಮ ಹೋಸ್ಟಿಂಗ್ ಸರ್ವರಿನಿಂದ ಹೊರಟರೆ, ಪಡೆಯುವವರ ಕಣ್ಣಿಗೆ ಅದು ನಕಲಿ. ತನ್ನ ಹೆಸರಿನಲ್ಲಿ ಹೀಗೆ ಬೇರೆಡೆಯಿಂದ ಬಂದ ಅಂಚೆಯನ್ನು ತಿರಸ್ಕರಿಸಿ ಎಂದು ಯಾಹೂ 2014ರಿಂದಲೇ ಡಿಮಾರ್ಕ್ ಎಂಬ ಡೊಮೇನ್ ನೀತಿಯ ಮೂಲಕ ಸಾರಿದೆ. ‘ಫ್ರಮ್’ನಲ್ಲಿ ನಿಮ್ಮ ಡೊಮೇನಿನದೇ ವಿಳಾಸವಿರಲಿ, ಗ್ರಾಹಕರ ವಿಳಾಸ ‘ರಿಪ್ಲೈ-ಟು’ನಲ್ಲಿರಲಿ. ಉತ್ತರ ಕೊಡಲು ಗುಂಡಿ ಒತ್ತಿದರೆ ಅವರಿಗೇ ಹೋಗುತ್ತದೆ, ನಿಮಗೆ ಏನೂ ವ್ಯತ್ಯಾಸ ತಿಳಿಯದು. ಜೊತೆಗೆ ಡೊಮೇನಿನ ಡಿಎನ್‌ಎಸ್‌ನಲ್ಲಿ ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆ ಹಾಕಿಸಿ. ಮೇಲ್ ಕಳಿಸಲು ಪಿಎಚ್‌ಪಿಮೇಲರ್ ಬಳಸಿ, 587ನೇ ಪೋರ್ಟಿನಲ್ಲಿ ಪಾಸ್‌ವರ್ಡ್ ಸಹಿತ ಎಸ್‌ಎಂಟಿಪಿ ಮೂಲಕ ಕಳಿಸುವುದು ಒಳ್ಳೆಯದು. ವಿಷಯದ ಸಾಲಿನ ಕನ್ನಡ ಅಕ್ಷರ ಕೆಡುವ ತೊಂದರೆಯೂ ಅದರಿಂದ ನೀಗುತ್ತದೆ, ಅಕ್ಷರಸಂಕೇತ ಯುಟಿಎಫ್-8 ಎಂದು ಹೇಳಿದರಾಯಿತು.

ನಿಮ್ಮ ಸೈಟಿನಿಂದಲೇ ಸ್ಪ್ಯಾಮ್ ಹೋಗಲು ಎರಡು ದಾರಿ. ಹಳೆಯ ದಾರಿಯೆಂದರೆ ಹೆಡರ್‌ಗೆ ಸಾಲು ತುರುಕುವುದು. ಇಮೇಲ್ ಖಾನೆಯಲ್ಲಿ ವಿಳಾಸ ಬರೆದು, ಸಾಲು ಮುರಿದು, ಕೆಳಗೆ ‘ಬಿಸಿಸಿ’ ಎಂದು ನೂರು ವಿಳಾಸ ಹಾಕಿ ಪೋಸ್ಟ್ ಮಾಡುತ್ತಾರೆ. ಪಿಎಚ್‌ಪಿಯ ‘ಮೇಲ್’ ಫಂಕ್ಷನ್ನಿಗೆ ಹೆಡರ್‌ಗಳನ್ನು ಒಂದೇ ದಾರದಂತೆ ಪೋಣಿಸಿ ಕೊಟ್ಟಿದ್ದರೆ ಆ ನೂರು ಜನರಿಗೂ ಮೇಲ್ ಹೋಗುತ್ತದೆ. ಹೆಸರು, ಇಮೇಲ್, ವಿಷಯ ಈ ಮೂರು ಖಾನೆಗಳಲ್ಲಿ 13 ಮತ್ತು 10 ಸಂಖ್ಯೆಯ ಸಾಲು ಮುರಿಯುವ ಅಕ್ಷರ ಇದ್ದರೆ ತಿರಸ್ಕರಿಸಿ. ನಿಜವಾದ ಬ್ರೌಸರಿನ ಒಂದು ಸಾಲಿನ ಖಾನೆಯಿಂದ ಅವು ಬರಲು ಸಾಧ್ಯವೇ ಇಲ್ಲ, ಹಾಗಾಗಿ ಇಲ್ಲಿ ತಪ್ಪು ಜನ ಸಿಕ್ಕಿಬೀಳುವ ಭಯವಿಲ್ಲ.

ಇನ್ನೊಂದು ದಾರಿ ಈಗ ಹೆಚ್ಚು. ‘ನಮಸ್ಕಾರ ಇಂಥವರೇ, ನಿಮ್ಮ ವಿಚಾರಣೆ ತಲುಪಿದೆ’ ಎಂದು ತಾನಾಗಿ ಹೋಗುವ ಉತ್ತರ ಇಟ್ಟಿದ್ದೀರಲ್ಲ, ಸ್ಪ್ಯಾಮ್ ಹಾಕುವವನು ಇಮೇಲ್ ಖಾನೆಯಲ್ಲಿ ಮೂರನೆಯವರ ವಿಳಾಸ ಹಾಕಿ, ಹೆಸರಿನ ಖಾನೆಯಲ್ಲಿ ‘ನಿಮಗೆ ಬಹುಮಾನ ಬಂದಿದೆ’ ಎಂದು ಕೊಂಡಿ ಸಮೇತ ಬರೆಯುತ್ತಾನೆ. ನಿಮ್ಮ ಸರ್ವರ್ ಅದನ್ನು ನಿಮ್ಮ ಹೋಂಸ್ಟೇ ಹೆಸರಿನಲ್ಲೇ ಮರ್ಯಾದೆಯಾಗಿ ತಲುಪಿಸುತ್ತದೆ. ಮೊದಲು ಈ ತಾನಾಗಿ ಹೋಗುವ ಉತ್ತರವನ್ನು ನಿಲ್ಲಿಸಿ. ಬೇಕೇ ಬೇಕೆಂದರೆ ಅದರಲ್ಲಿ ಗ್ರಾಹಕರು ಬರೆದ ಒಂದಕ್ಷರವೂ ಮರಳಿ ಹೋಗಬಾರದು, ಹೆಸರು ಕೂಡ. ‘ನಿಮ್ಮ ವಿಚಾರಣೆ ತಲುಪಿದೆ, ಇಂದು ಸಂಜೆಯೊಳಗೆ ಕರೆ ಮಾಡುತ್ತೇವೆ’ ಎಂದಷ್ಟೇ ಇರಲಿ. ಇವೆರಡನ್ನೂ ಸರಿಪಡಿಸಿ ಹೋಸ್ಟಿಂಗ್‌ನವರಿಗೆ ಬರೆದು ತಿಳಿಸಿದರೆ ಸೌಲಭ್ಯ ಮತ್ತೆ ಕೊಡುತ್ತಾರೆ.

ಒಳಬರುವ ಸ್ಪ್ಯಾಮ್‌ಗೆ ದಾವಣಗೆರೆಯವರಿಗೆ ಹೇಳಿದ ಎರಡು ತಡೆ ಹಾಕಿ. ಪ್ರತಿ ವಿಚಾರಣೆಯನ್ನೂ ಡೇಟಾಬೇಸಿನಲ್ಲೂ ಉಳಿಸಿ. ಮೇಲ್ ಎಲ್ಲೋ ತಪ್ಪಿಹೋದರೂ ಬುಕಿಂಗ್ ತಪ್ಪಬಾರದು.

ಪ್ರಶ್ನೆ: ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ ಇಲ್ಲದೆ ಏನೇನು ಮಾಡಬಹುದು?
(ಕಾಲೇಜು ಉಪನ್ಯಾಸಕಿ, ಧಾರವಾಡ)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಷನ್ ಪುಟ ತೆರೆಯಿರಿ. ಪಿಂಗ್‌ಬ್ಯಾಕ್, ಟ್ರ್ಯಾಕ್‌ಬ್ಯಾಕ್ (ಬೇರೆ ಸೈಟು ನಿಮಗೆ ಕೊಂಡಿ ಕೊಟ್ಟಿತೆಂದು ಬರುವ ಸೂಚನೆ) ಸ್ವೀಕರಿಸುವ ಗುರುತು ತೆಗೆಯಿರಿ. ಹಳೆಯ ಲೇಖನಗಳಿಗೆ ಪ್ರತಿಕ್ರಿಯೆ ತಾನಾಗಿ ಮುಚ್ಚುವ ಆಯ್ಕೆಯಲ್ಲಿ 14 ದಿನ ಎಂದಿರುತ್ತದೆ, 30 ಮಾಡಿ ಗುರುತು ಹಾಕಿ. ಎರಡು ಕೊಂಡಿ ಇದ್ದರೆ ತಡೆಹಿಡಿ ಎಂಬುದನ್ನು ಒಂದಕ್ಕೆ ಇಳಿಸಿ. ಮೊದಲ ಸಲ ಬರೆಯುವವರ ಪ್ರತಿಕ್ರಿಯೆ ಒಪ್ಪಿಗೆಗೆ ಕಾಯಲಿ. ನಿಷೇಧಿತ ಪದಗಳ ಪೆಟ್ಟಿಗೆಯಲ್ಲಿ ಹುಷಾರು: ಅದು ಪದದ ಒಳಗೂ ಹುಡುಕುತ್ತದೆ, ಸಣ್ಣ ಪದ ಹಾಕಿದರೆ ಅದನ್ನು ಒಳಗಿಟ್ಟುಕೊಂಡ ಒಳ್ಳೆಯ ಪದವೂ ಸಿಕ್ಕಿಬೀಳುತ್ತದೆ. ಇದಾದ ಮೇಲೂ ಬಂದರೆ 2005ರಿಂದ ಇರುವ ಅಕಿಸ್ಮೆಟ್ ಪ್ಲಗಿನ್ ಇದೆ. ವೈಯಕ್ತಿಕ, ವ್ಯಾಪಾರವಲ್ಲದ ಸೈಟಿಗೆ ಅದು ಉಚಿತವಾಗಿ ಸಿಗುತ್ತದೆ. ಕಾಲೇಜಿನ ಸೈಟಾದರೆ ಅದರ ಷರತ್ತು ಓದಿಕೊಳ್ಳಿ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಬಳಸುತ್ತೇನೆ. ಚಿತ್ರದಲ್ಲಿ ಬಸ್ಸು ಹುಡುಕು ಎನ್ನುವ ಫಾರ್ಮ್ ಬಂದರೆ ಅಲ್ಲಿಗೇ ಬಿಟ್ಟುಬಿಡುತ್ತೇನೆ. ಇದಿಲ್ಲದೆ ಸ್ಪ್ಯಾಮ್ ತಡೆಯಲು ಆಗುವುದೇ ಇಲ್ಲವೇ?
(ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ಆಗುತ್ತದೆ, ಹೆಚ್ಚಿನ ಸಣ್ಣ ಸೈಟುಗಳಿಗೆ ಅದರ ಅಗತ್ಯವೇ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಶಬ್ದದ ಸವಾಲೂ ಇದೆಯಲ್ಲ ಎನ್ನುವವರಿಗೆ ಗೊತ್ತಿರಬೇಕಾದದ್ದು: ಗದ್ದಲದ ನಡುವೆ ಹೇಳುವ ಪದವನ್ನು ಕೇಳಿಸಿಕೊಳ್ಳುವ ಹೊತ್ತಿಗೇ ಸ್ಕ್ರೀನ್ ರೀಡರ್ ಕೂಡ ಮಾತಾಡುತ್ತಿರುತ್ತದೆ. ಕಣ್ಣು ಕಿವಿ ಎರಡೂ ಇಲ್ಲದವರಿಗೆ ದಾರಿಯೇ ಇಲ್ಲ. ಇಷ್ಟೆಲ್ಲ ಕಷ್ಟ ಕೊಟ್ಟರೂ ಕ್ಯಾಪ್ಚಾ (ಮನುಷ್ಯರೇ ಎಂದು ತಿಳಿಯಲು ಕೊಡುವ ಇಂಥ ಒಗಟು) ಬಿಡಿಸಿಕೊಡುವ ಸೇವೆಗಳು ದುಡ್ಡಿಗೆ ಸಿಗುತ್ತವೆ, ಸ್ಪ್ಯಾಮ್ ಹಾಕುವವನು ದಾಟಿ ಬರುತ್ತಾನೆ, ನೀವು ಹೊರಗೆ ಉಳಿಯುತ್ತೀರಿ.

ಸೈಟ್ ನಡೆಸುವವರಿಗೆ ಹೇಳುವುದು: ಮೊದಲು ಹನಿಪಾಟ್, ಸಮಯ, ಅಂಕ. ಅವು ಸಾಲದಿದ್ದರೆ ಚಿತ್ರ ತೋರಿಸದ ಬಗೆಯ ಸೇವೆ. ಗೂಗಲ್ 2018ರಲ್ಲಿ ತಂದ ರಿಕ್ಯಾಪ್ಚಾದ ಮೂರನೇ ಆವೃತ್ತಿ ಸವಾಲು ಹಾಕದೆ 0ರಿಂದ 1ರವರೆಗೆ ಅಂಕ ಕೊಡುತ್ತದೆ. ಕ್ಲೌಡ್‌ಫ್ಲೇರ್ 2022ರಲ್ಲಿ ತಂದ ಟರ್ನ್‌ಸ್ಟೈಲ್ ಕೂಡ ಚಿತ್ರದ ಒಗಟು ಕೊಡುವುದಿಲ್ಲ. ಅಂಕ 0.5ಕ್ಕಿಂತ ಕಡಿಮೆ ಬಂದರೆ ತಿರಸ್ಕರಿಸಬೇಡಿ, ಒಪ್ಪಿಗೆಗೆ ಕಾಯಿಸಿ. ಗುಪ್ತತೆ ಕಾಪಾಡುವ ಬ್ರೌಸರ್ ಬಳಸುವವರಿಗೂ ಕಡಿಮೆ ಅಂಕ ಬರಬಹುದು.

ಇವುಗಳಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪುಟದಲ್ಲಿ ಸ್ಕ್ರಿಪ್ಟ್ ಹಾಕಿ, ಬಂದ ಟೋಕನ್ನನ್ನು (ತಪಾಸಣೆ ಆಯಿತೆಂಬ ಸಂಕೇತವನ್ನು) ಸರ್ವರಿನಿಂದ ಸೇವೆಯವರ ಬಳಿ ಖಚಿತಪಡಿಸಿಕೊಳ್ಳದೇ ಬಿಡುವುದು. ಹಾಗೆ ಬಿಟ್ಟರೆ ಏನೂ ಹಾಕದಂತೆಯೇ. ಇನ್ನೊಂದು, ಪುಟ ತೆರೆದಾಗಲೇ ಟೋಕನ್ ತೆಗೆದುಕೊಳ್ಳುವುದು. ರಿಕ್ಯಾಪ್ಚಾ ಟೋಕನ್ 2 ನಿಮಿಷಕ್ಕೆ, ಟರ್ನ್‌ಸ್ಟೈಲ್‌ನದು 5 ನಿಮಿಷಕ್ಕೆ ಮುಗಿಯುತ್ತದೆ. ನಿಧಾನವಾಗಿ ಟೈಪ್ ಮಾಡುವವರೇ ಇದಕ್ಕೆ ಬಲಿಯಾಗುವುದು. ಕಳಿಸುವ ಗುಂಡಿ ಒತ್ತಿದಾಗ ಟೋಕನ್ ಪಡೆಯಿರಿ. ಕ್ಯಾಪ್ಚಾ ಉಳಿಸಿಕೊಂಡವರು ಫಾರ್ಮ್‌ನ ಪಕ್ಕದಲ್ಲಿ ಒಂದು ಫೋನ್ ಸಂಖ್ಯೆಯನ್ನಾದರೂ ಕೊಡಿ.

ಪ್ರಶ್ನೆ: ಪ್ರವೇಶ ವಿಚಾರಣೆ ಫಾರ್ಮ್‌ಗೆ ಒಟಿಪಿ ಹಾಕಿಸಿದೆವು. ಸ್ಪ್ಯಾಮ್ ನಿಂತಿತು, ಎಸ್‌ಎಂಎಸ್ ಬಿಲ್ ಏರಿತು. ವಿದ್ಯಾರ್ಥಿಗಳ ಸಂಖ್ಯೆ ಮಾತ್ರ ಅಷ್ಟೇ ಇದೆ.
(ಶಿಕ್ಷಣ ಸಂಸ್ಥೆಯ ಕಚೇರಿ ಮೇಲ್ವಿಚಾರಕರು, ತುಮಕೂರು)

ಉತ್ತರ: ಒಟಿಪಿ ಕಳಿಸುವ ವಿಳಾಸಕ್ಕೇ ಬಾಟ್ ಬಡಿಯುತ್ತಿದೆ. ಯಾರಿಗೋ ಕಾಟ ಕೊಡಲು ನೂರಾರು ಸೈಟುಗಳಿಂದ ಅವರ ಮೊಬೈಲಿಗೆ ಒಟಿಪಿ ಸುರಿಸುವ ಸ್ಕ್ರಿಪ್ಟುಗಳಿವೆ, ನಿಮ್ಮ ಫಾರ್ಮ್ ಅವುಗಳ ಪಟ್ಟಿಗೆ ಸೇರಿರಬಹುದು. ಹೊರದೇಶದ ಸಂಖ್ಯೆಗಳಿಗೆ ಕಳಿಸಿ ಅದರ ಶುಲ್ಕದಲ್ಲಿ ಪಾಲು ಪಡೆಯುವ ವಂಚನೆಯೂ ಇದೆ. ಮೊದಲು 6ರಿಂದ 9ರೊಳಗೆ ಶುರುವಾಗುವ 10 ಅಂಕಿಯ ಭಾರತದ ಸಂಖ್ಯೆ ಮಾತ್ರ ಒಪ್ಪಿ. ಒಂದು ಸಂಖ್ಯೆಗೆ 60 ಸೆಕೆಂಡಿಗೆ ಒಂದು, ದಿನಕ್ಕೆ 5. ಈ ಎಣಿಕೆ ಸರ್ವರಿನಲ್ಲಿರಬೇಕು, ಪರದೆಯ ಮೇಲಿನ ಹಿಮ್ಮುಖ ಗಡಿಯಾರ ಬಾಟ್‌ಗೆ ಲೆಕ್ಕಕ್ಕಿಲ್ಲ. ಇಡೀ ಫಾರ್ಮ್‌ಗೆ ದಿನದ ಒಟ್ಟು ಮಿತಿ ಇಟ್ಟು, ಅದರ ಮುಕ್ಕಾಲು ಮುಟ್ಟಿದಾಗ ಕಚೇರಿಗೆ ಮೇಲ್ ಬರಲಿ. ಒಟಿಪಿಯ ಮುಂದೆ ಟರ್ನ್‌ಸ್ಟೈಲ್ ಹಾಕಿ.

ಐಪಿ ವಿಳಾಸಕ್ಕೆ ಮಿತಿ ಹಾಕುವಾಗ ಕೈ ಸಡಿಲವಿರಲಿ. ಮೊಬೈಲ್ ಕಂಪನಿಗಳು ಒಂದು ಐಪಿವಿ4 ವಿಳಾಸವನ್ನು ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಒಂದೇ ಹಾಸ್ಟೆಲ್ ವೈಫೈಯಿಂದ ಫಲಿತಾಂಶದ ದಿನ ನೂರು ಮಕ್ಕಳು ಬರಬಹುದು. ಐಪಿವಿ6 ಆದರೆ ಒಂದೊಂದು ವಿಳಾಸಕ್ಕಲ್ಲ, ಮೊದಲ 64 ಬಿಟ್‌ಗಳಿಗೆ ಮಿತಿ ಹಾಕಿ.

ಪ್ರಶ್ನೆ: ಹೊರದೇಶದ ಐಪಿ ಎಲ್ಲವನ್ನೂ ತಡೆದರೆ?
(ಓದುಗರು, ಬೆಂಗಳೂರು)

ಉತ್ತರ: ಬೇಡ. ದುಬೈ, ಲಂಡನ್, ಸಿಂಗಪುರದಲ್ಲಿರುವ ಕನ್ನಡಿಗರು ಹೊರಗೆ ಬೀಳುತ್ತಾರೆ, ಭಾರತದ ಬಾಡಿಗೆ ಸರ್ವರಿನಲ್ಲಿರುವ ಬಾಟ್ ಒಳಗೇ ಇರುತ್ತದೆ.

ಪ್ರಶ್ನೆ: ತಡೆ ಹಾಕಿಯಾಯಿತು. ಈಗಾಗಲೇ ತುಂಬಿರುವ ಸಾವಿರಾರು ಬರಹಗಳನ್ನು ಹೇಗೆ ತೆಗೆಯಲಿ? ಅವುಗಳ ನಡುವೆ ನಮ್ಮ ಹಿರಿಯರು ಬರೆದ ಒಳ್ಳೆಯ ಮಾತೂ ಇವೆ.
(ಗ್ರಾಮ ಇತಿಹಾಸದ ಸೈಟ್ ನಡೆಸುವವರು, ಶಿರಸಿ)

ಉತ್ತರ: ಆ ಒಳ್ಳೆಯ ಮಾತಿಗಾಗಿಯೇ ನಿಧಾನ ಮಾಡಿ. ಮೊದಲು ಡೇಟಾಬೇಸಿನ ಪೂರ್ತಿ ನಕಲು ತೆಗೆದು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆಮೇಲೆ ‘ಎಚ್‌ಟಿಟಿಪಿ’ ಇರುವ, ಕನ್ನಡ ಅಕ್ಷರ ಇಲ್ಲದ ಬರಹಗಳಿಗೆಲ್ಲ ಸ್ಥಿತಿ 2 ಕೊಡಿ. ಇನ್ನೂ ಅಳಿಸಬೇಡಿ. ಉಳಿದದ್ದನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಸ್ಪ್ಯಾಮ್ ಒಂದೇ ರಾತ್ರಿಯಲ್ಲಿ ರಾಶಿಯಾಗಿ ಬಂದಿರುತ್ತದೆ, ಜನ ಹಾಗೆ ಬರೆಯುವುದಿಲ್ಲ. ಒಂದೇ ಬರಹ ಹತ್ತು ಹೆಸರಲ್ಲಿ ಇದ್ದರೆ ಅದನ್ನೂ ಸೇರಿಸಿ. ಸ್ಥಿತಿ 2ರ ಪಟ್ಟಿಯ ಹೆಸರಿನ ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿ. ಊರವರ ಹೆಸರು ನಿಮಗೆ ಗೊತ್ತೇ ಇರುತ್ತದೆ, ಸಿಕ್ಕಿದ್ದನ್ನು 1ಕ್ಕೆ ಮರಳಿಸಿ. ಒಂದು ತಿಂಗಳು ಬಿಟ್ಟು ಉಳಿದದ್ದನ್ನು ಅಳಿಸಿ. ಜೊತೆಗಿದ್ದ ಐಪಿ, ಇಮೇಲ್ ವಿವರಗಳೂ ಹೋಗಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಡದ ವಿವರ ಕೂಡಿಟ್ಟುಕೊಳ್ಳುವುದು ಒಳ್ಳೆಯದಲ್ಲ.

ಗೂಗಲ್ ಕಡೆಯದು ಇನ್ನೊಂದು ಕೆಲಸ. ‘ಸೈಟ್’ ಎಂದು ಬರೆದು ವಿಸರ್ಗದಂಥ ಚುಕ್ಕಿ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್, ನಂತರ ಸ್ಪ್ಯಾಮ್‌ನ ಒಂದು ಪದ ಹಾಕಿ ಹುಡುಕಿ. ‘ಸೈಟ್’ ಇಂಗ್ಲಿಷ್ ಅಕ್ಷರದಲ್ಲಿರಬೇಕು. ಇನ್ನೂ ಕಾಣುವ ಪುಟಗಳು ಸಿಗುತ್ತವೆ. ಪೂರ್ತಿ ಸ್ಪ್ಯಾಮ್ ಆಗಿದ್ದ ಪುಟಗಳಿಗೆ ಸರ್ವರ್ 410 ಉತ್ತರ ಕೊಡಲಿ, ಶಾಶ್ವತವಾಗಿ ತೆಗೆದಿದೆ ಎಂದು ಅರ್ಥ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಭಾಗದಲ್ಲಿ ಕೋರಿದರೆ ಬೇಗ ಮರೆಯಾಗುತ್ತದೆ, ಆದರೆ ಅದು ಸುಮಾರು 6 ತಿಂಗಳ ಮಟ್ಟಿಗೆ ಮಾತ್ರ. 410 ಇಲ್ಲದಿದ್ದರೆ ಮತ್ತೆ ಬರುತ್ತದೆ. ಅಲ್ಲೇ ಮ್ಯಾನ್ಯುಯಲ್ ಆ್ಯಕ್ಷನ್ಸ್ ಪುಟವನ್ನೂ ನೋಡಿ. ಬಳಕೆದಾರರು ಬರೆದ ಸ್ಪ್ಯಾಮ್ ಎಂಬ ಸೂಚನೆ ಇದ್ದರೆ, ಏನೇನು ತೆಗೆದಿರಿ, ಮುಂದೆ ಬರದಂತೆ ಯಾವ ತಡೆ ಹಾಕಿದಿರಿ ಎಂದು ಬರೆದು ಮರುಪರಿಶೀಲನೆಗೆ ಕಳಿಸಿ. ಕಳಿಸುವ ಮೊದಲು ಸಂದರ್ಶಕರ ಪುಸ್ತಕದ ಎರಡನೇ, ಮೂರನೇ ಪುಟಗಳನ್ನೂ ತೆರೆದು ನೋಡಿ. ಮೊದಲ ಪುಟ ಮಾತ್ರ ಶುಚಿ ಮಾಡಿ ಕಳಿಸಿದರೆ ಅರ್ಜಿ ವಾಪಸ್ ಬರುತ್ತದೆ.